ಮೂವತ್ತೆರಡು ಹಿಂಬರಹ

“ಅಲ್ಲೇ ನಿಂದ್ರು. ಹೊಸ್ತಿಲ ದಾಟಿದಿ ಅಂದ್ರ ನೋಡು. ಆ ಚೀಲ ಮೊದಲ ಹೊರಗ ಇಡು, ನಾತ ಹೊಡ್ಯಾಕತ್ತದ.”

ಶಂಭುಲಿಂಗಪ್ಪ ಸಾಹೇಬರು ಇದನ್ನು ಹೇಳಿದ್ದು ನಮ್ಮಕ್ಕ ಯಮನಮ್ಮಳಿಗೆ. ಹೇಳುವಾಗ ತಲೆ ಕೂಡ ಎತ್ತಲಿಲ್ಲ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೂಗಿಗೆ ಒತ್ತಿಕೊಂಡ ಕರ್ಚೀಫು. ಅವರ ಹಿಂದಿನ ಗೋಡೆಯ ಮೇಲೆ ಬೋರ್ಡು: ಕೃಷ್ಣಾ ಪಾತ್ರ ಮೀನು ಪರವಾನಗಿ ಕಚೇರಿ, ರಾಯಚೂರು. ಮೀನಿನ ಆಫೀಸಿಗೆ ಮೀನಿನ ವಾಸನೆ ಆಗದ ಸಾಹೇಬನನ್ನು ಯಾವ ಪುಣ್ಯಾತ್ಮ ಕಳಿಸಿದನೋ ಗೊತ್ತಿಲ್ಲ. ನಾವು ಬಾಗಿಲಲ್ಲಿ ಕಂಡ ಕೂಡಲೇ ಊದಿನಕಡ್ಡಿ ಹಚ್ಚಬೇಕೆಂದು ಜವಾನ ಮಲ್ಲಯ್ಯನಿಗೆ ಅಪ್ಪಣೆಯಾಗಿತ್ತು. ಅವತ್ತು ಅವನು ನಾಲ್ಕು ಹಚ್ಚಿದ.

ಚೀಲದಲ್ಲಿ ಇದ್ದದ್ದು ಬೀಸುಬಲೆ. ತರಲು ಹೇಳಿದವರು ಸಾಹೇಬರೇ. ಹೋದ ಸಲ ಬಂದಾಗ, ಬಲೆ ಹಾಕಿಲ್ಲ ಎಂದು ಬಾಯಲ್ಲಿ ಹೇಳಿದರೆ ನಂಬಲು ನಾನೇನು ನಿಮ್ಮ ಬೀಗನೇ, ಬಲೆ ತಂದು ತೋರಿಸಿ ಎಂದಿದ್ದರು. ಅದಕ್ಕೆ ಯಮನಮ್ಮ ಅದನ್ನು ಗೊಬ್ಬರದ ಚೀಲಕ್ಕೆ ತುಂಬಿ, ದೇವದುರ್ಗದ ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಬೈಸಿಕೊಂಡು, ಕಾಲಡಿ ಇಟ್ಟುಕೊಂಡು ತಂದಿದ್ದಳು.

ನಮ್ಮಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡ ಸಿದ್ರಾಮನ ಅಣ್ಣ ಹನುಮಂತ್ರಾಯನ ಹೆಂಡತಿ. ಅವಳಿಗೆ ಅಕ್ಷರ ಬರುವುದಿಲ್ಲ. ನನ್ನ ಹೆಸರು ಸುನಂದಾ, ಹತ್ತನೇ ಕ್ಲಾಸು ಪಾಸಾದ ಹೆಂಗಸು ನಮ್ಮ ಓಣಿಯಲ್ಲಿ ನಾನೊಬ್ಬಳೇ. ಆದ್ದರಿಂದ ಅರ್ಜಿ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದರು. ಈ ಅರ್ಜಿಗೆ ಅದು ಐದನೇ ತಿರುಗಾಟ.

ನಮ್ಮ ಊರು ದೇವದುರ್ಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿದೆ. ಅಂಬಿಗರ ಓಣಿಯಲ್ಲಿ ಮೂವತ್ತೆರಡು ಮನೆ, ಮನೆಗೊಂದು ಹರಿಗೋಲು, ಮನೆಗೊಂದು ಪರವಾನಗಿ. ಊರ ಕೆಳಗೆ ಹೊಳೆ ಬಂಡೆಗಳ ನಡುವೆ ತಿರುಗಿ ಆಳವಾಗುವ ಜಾಗಕ್ಕೆ ದೊಡ್ಡ ಮಡು ಎನ್ನುತ್ತೇವೆ. ಬೇಸಿಗೆಯಲ್ಲಿ ಉಳಿದ ಹೊಳೆಯೆಲ್ಲ ಕಲ್ಲು ತೋರಿಸುವಾಗಲೂ ಅಲ್ಲಿ ಎರಡಾಳು ನೀರು ಇರುತ್ತದೆ. ನಮ್ಮ ಹೊಟ್ಟೆ ತುಂಬಿಸುವುದು ಆ ಮಡು. ಹೊಲ ಎಂದು ಹೇಳಿಕೊಳ್ಳಲು ನಮ್ಮಲ್ಲಿ ಯಾರಿಗೂ ಒಂದು ಗೇಣು ನೆಲವಿಲ್ಲ.

ಪ್ರತಿ ವರ್ಷ ಆಷಾಢದಲ್ಲಿ ಫೀ ಕಟ್ಟಿ ಪರವಾನಗಿ ತರುತ್ತೇವೆ. ಹೆಂಗಸರ ಹೆಸರಿನಲ್ಲಿ ಮಾಡಿಸಿದರೆ ಫೀ ಕಡಿಮೆಯಾಗುತ್ತದೆಂದು ಯಾರೋ ಹೇಳಿದ್ದರಿಂದ ಹನುಮಂತ್ರಾಯ ಭಾವ ಆ ವರ್ಷ ಯಮನಮ್ಮಳ ಹೆಸರಿನಲ್ಲಿ ಮಾಡಿಸಿದ್ದ. ಫೀ ಏನೂ ಕಡಿಮೆಯಾಗಲಿಲ್ಲ. ಆ ಕಾರ್ಡಿನ ಹಿಂದೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಹನ್ನೆರಡನೇ ನಿಯಮ ಇದೆ. ಕಚೇರಿಯೇ ನೀರು ಮುಚ್ಚಿದರೆ, ಆ ಸಾಲಿನಲ್ಲಿ ಒಮ್ಮೆಯೂ ಬಲೆ ಹಾಕದವರಿಗೆ ಕಟ್ಟಿದ ಶುಲ್ಕ ಮರಳಿ ಕೊಡಬೇಕು ಎಂದು ಅದರ ಅರ್ಥ.

ಪರವಾನಗಿ ಕೈಗೆ ಬಂದ ದಿನ ನಮ್ಮಲ್ಲಿ ಗಂಗವ್ವನ ಬಲೆ. ಓಣಿಗೆಲ್ಲ ಒಂದೇ ಎಳೆಬಲೆ ಬಿಟ್ಟು, ಮನೆಗೊಬ್ಬರಂತೆ ಹಗ್ಗಕ್ಕೆ ಕೈ ಹಚ್ಚಿ ಒಂದೇ ಸಲ ಎಳೆಯುತ್ತೇವೆ. ಸಿಕ್ಕ ಮೀನಿಗೆ ಕುಂಕುಮ ಹಚ್ಚಿ ಎಲ್ಲವನ್ನೂ ಹೊಳೆಗೇ ಬಿಡುತ್ತೇವೆ, ಒಂದು ಮರಿಯನ್ನೂ ಮನೆಗೆ ತರುವುದಿಲ್ಲ. ಆಮೇಲೆ ಮೂರು ದಿನ ಯಾರೂ ನೀರಿಗಿಳಿಯುವಂತಿಲ್ಲ. ಹೊಳೆ ಒಪ್ಪಿಕೊಳ್ಳಲು ಅಷ್ಟು ಸಮಯ ಬೇಕು ಎಂದು ಹಿರಿಯರು ಹೇಳುತ್ತಾರೆ. ಆ ವರ್ಷ ಮೂವತ್ತೆರಡು ಜನ ಸಾಲಾಗಿ ಹಗ್ಗ ಎಳೆಯುವುದು ಚೆಂದ ಕಂಡಿತೆಂದು ನಾನು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ನನ್ನ ಕೈ ಸೇದಿಹೋಗಬೇಕಿತ್ತು.

ಮೂರನೇ ದಿನ ಮಲ್ಲಯ್ಯ ಬಂದು ಹನುಮಪ್ಪನ ಗುಡಿಯ ಗೋಡೆಗೆ ಒಂದು ಚೀಟಿ ಅಂಟಿಸಿ ಹೋದ. ಹೂಳು ತೆಗೆಯುವ ಕೆಲಸ ಇರುವುದರಿಂದ ದೊಡ್ಡ ಮಡುವಿನಲ್ಲಿ ಮುಂದಿನ ಆದೇಶದವರೆಗೆ ಮೀನು ಹಿಡಿಯಬಾರದು ಎಂದಿತ್ತು. ಕೆಳಗೆ ಕಚೇರಿಯ ಸಿಕ್ಕಾ ಒತ್ತಿದ್ದರು, ನಂಬರು ಇರಲಿಲ್ಲ. ಅದರ ಫೋಟೋ ತೆಗೆಯಬೇಕೆಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಬೇಡದ್ದನ್ನು ಹಿಡಿದುಕೊಂಡೆ, ಬೇಕಾದದ್ದನ್ನು ಬಿಟ್ಟೆ. ವಾರದಲ್ಲಿ ಮಳೆ ಬಂದು ಚೀಟಿ ತೊಳೆದುಹೋಯಿತು.

ಹೂಳು ತೆಗೆಯುವ ಮಷೀನು ಬರಲೇ ಇಲ್ಲ. ದಸರಾ ಕಳೆದು ನೆರೆ ಇಳಿದ ಮೇಲೆ ಬಂದದ್ದು ಮಾನ್ವಿಯ ಅಕ್ಕಿ ಮಿಲ್ಲಿನ ಬಸವಲಿಂಗ ಸಾವುಕಾರರ ಟ್ರ್ಯಾಕ್ಟರು. ಮಡುವಿನ ಎರಡೂ ಬಾಯಿಗೆ ಕಬ್ಬಿಣದ ಕಂಬ ನೆಟ್ಟು, ನೀಲಿ ಬಲೆಯ ಅಡ್ಡಗೋಡೆ ಕಟ್ಟಿ, ಟ್ಯಾಂಕರಿನಲ್ಲಿ ಕಾಟ್ಲಾ, ರೋಹು ಜಾತಿಯ ಗೇಣುದ್ದದ ಮೀನುಮರಿ ತಂದು ಸುರಿದರು. ಕಾಯಲು ಇಬ್ಬರು ಆಳು. ಯಾವ ಟೆಂಡರು, ಯಾರು ಕೊಟ್ಟರು ಎಂದು ಕೇಳಿದರೆ ರಾಯಚೂರಿಗೆ ಹೋಗಿ ಕೇಳಿ ಎಂದರು.

ದೀಪಾವಳಿಯ ಮರುದಿನ ಹನುಮಂತ್ರಾಯ ಭಾವ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹರಿಗೋಲು ಇಳಿಸಿದ. ಬಲೆ ಬೀಸುವ ಮೊದಲೇ ಕಾವಲಿನ ಆ ಇಬ್ಬರು ಅವನನ್ನು ದಂಡೆಗೆ ಎಳೆದು ತಂದು, ಬಲಗೈಯನ್ನು ಬಂಡೆಯ ಮೇಲೆ ಇಡಿಸಿ, ಅವನದೇ ಹರಿಗೋಲಿನ ಹುಟ್ಟಿನಿಂದ ಬಡಿದರು. ಆ ಕೈಯ ನಾಲ್ಕು ಬೆರಳು ಈಗ ಮಡಚುವುದಿಲ್ಲ. ಠಾಣೆಯಲ್ಲಿ, ಮುಚ್ಚಿದ ನೀರಿಗೆ ನೀನು ಯಾಕೆ ಇಳಿದೆ ಎಂದು ಅವನನ್ನೇ ಗದರಿಸಿ ಕಳಿಸಿದರು. ಅಂದಿನಿಂದ ಯಮನಮ್ಮ ಒಂದೇ ಮಾತು ಹಿಡಿದಿದ್ದಳು: ನೀರಾದರೂ ಕೊಡಲಿ, ಕಟ್ಟಿದ ದುಡ್ಡಾದರೂ ಕೊಡಲಿ, ಎರಡನ್ನೂ ಅವರೇ ಇಟ್ಟುಕೊಳ್ಳುವುದು ಯಾವ ನ್ಯಾಯ. ಈ ವರ್ಷ ಎರಡರಲ್ಲಿ ಒಂದು ಸಿಗದಿದ್ದರೆ ಹರಿಗೋಲು ಮಾರಿ, ಗಂಡನ ಆ ಕೈ ಹಿಡಿದುಕೊಂಡು ಊರು ಬಿಡಬೇಕಿತ್ತು. ಇದು ಅವಳೊಬ್ಬಳ ಮಾತಲ್ಲ, ಮೂವತ್ತೆರಡು ಮನೆಯದೂ ಅದೇ ಹಣೆಬರಹ.

ಸಾಹೇಬರು ಬಲೆಯನ್ನು ಅಂಗಳದಲ್ಲಿ ಹಾಸಲು ಹೇಳಿದರು. ಹಾಸಿದೆವು. ಆಫೀಸಿನವರು, ಪಕ್ಕದ ಝೆರಾಕ್ಸ್ ಅಂಗಡಿಯವರು, ಚಹಾದವನು, ಎಲ್ಲರೂ ಬಂದು ನಿಂತರು. ಸಾಹೇಬರು ಮೆಟ್ಟಿಲ ಮೇಲಿನಿಂದಲೇ ಮಾತಾಡಿದರು.

“ಕೂಡು. ಮೂಗು ಹಚ್ಚು ಅದಕ್ಕ. ಮೂಸು.”

ಯಮನಮ್ಮ ನನ್ನ ಮುಖ ನೋಡಿದಳು. ಐವತ್ತರ ಹತ್ತಿರದ ಹೆಂಗಸು, ಮೊಮ್ಮಗಳಿದ್ದಾಳೆ. ಸೆರಗು ಸರಿ ಮಾಡಿಕೊಂಡು ಮೊಣಕಾಲೂರಿ ಕೂತು, ಎರಡೂ ಕೈ ನೆಲಕ್ಕೆ ಊರಿ, ಬಲೆಗೆ ಮುಖ ಹಚ್ಚಿದಳು. ಚಹಾದವನು ಕಿಸಕ್ಕೆಂದ.

“ಏನ್ ವಾಸನಿ ಬರ್ತದ ಎಲ್ಲಾರಿಗೂ ಕೇಳಂಗ ಹೇಳು.”

“ಮೀನಿಂದ್ರಿ. ನಮ್ಮತ್ತಿ ಕಾಲದಿಂದ ಹಾಕೋ ಬಲಿ ಅದು. ಮಲ್ಲಿಗಿ ವಾಸನಿ ಎಲ್ಲಿಂದ ಬರಬೇಕ್ರಿ.”

ಜನ ನಕ್ಕರು. ಸಾಹೇಬರಿಗೆ ಅದು ತಮ್ಮ ಮೇಲೆ ನಕ್ಕಂತಾಯಿತು. ಮುಖ ಕೆಂಪಗಾಗಿ ಮೊಬೈಲು ತೆಗೆದು, ಎರಡು ಮೆಟ್ಟಿಲು ಇಳಿದು ನನ್ನ ಕಣ್ಣ ಮುಂದೆ ಹಿಡಿದರು. ನನ್ನದೇ ಫೋಟೋ. ಹಗ್ಗ ಹಿಡಿದ ಮೂವತ್ತೆರಡು ಜನ, ಮುಂದೆ ಹಲ್ಲು ಕಿಸಿದು ನಿಂತ ಯಮನಮ್ಮ, ಕೆಳಗೆ ನಾನೇ ಹಾಕಿದ ತಾರೀಖು. ನನ್ನ ಸ್ಟೇಟಸ್ಸು ನೋಡಿದ ಯಾವ ಹಡಬೆ ಅದನ್ನು ಅವರಿಗೆ ಕಳಿಸಿದನೋ ಇವತ್ತಿಗೂ ಗೊತ್ತಾಗಿಲ್ಲ.

“ಇದು ಏನಲೇ? ಹಗ್ಗ ಜಗ್ಗಾಕತ್ತಿದಾಕಿ ನಿಮ್ಮವ್ವನೇನು? ಬಲಿ ಹಾಕಿಲ್ಲ ಅಂತ ಐದು ಸಲ ಅರ್ಜಿ ಬರೀತಿ, ಬೋಸುಡಿ. ಸರ್ಕಾರಕ್ಕ ಮೋಸ ಮಾಡಿದಿ ಅಂತ ಒಳಗ ಹಾಕಿಸ್ಲೇನು?”

ಅದು ಗಂಗವ್ವನ ಬಲೆ, ಸಿಕ್ಕದ್ದೆಲ್ಲ ಹೊಳೆಗೇ ಬಿಟ್ಟೆವು, ಆಮೇಲೆ ಒಂದು ದಿನವೂ ಬಲೆ ಬೀಸಿಲ್ಲ ಎಂದು ಒದರಿದೆ. ಗಂಗವ್ವನಿಗೆ ಹಾಕಿದರೂ ಬಲೆ ಬಲೆಯೇ, ರೂಲ್ಸಿನಲ್ಲಿ ಗಂಗವ್ವ ಇಲ್ಲ ಎಂದರು. ಹಾಗಾದರೆ ನೀರು ಮುಚ್ಚಿದ್ದು ಯಾಕೆ ಎಂದು ಕೇಳಿದೆ. ಯಾವ ನೀರು, ಯಾವಾಗ ಮುಚ್ಚಿದೆವು, ಆರ್ಡರಿದ್ದರೆ ತೋರಿಸು ಎಂದರು. ಮಲ್ಲಯ್ಯ ಗೋಡೆಗೆ ಅಂಟಿಸಿದ್ದ ಎಂದೆ. ಮಲ್ಲಯ್ಯ ಊದಿನಕಡ್ಡಿಯ ಬೂದಿ ಕೊಡವುತ್ತ ಬೇರೆ ಕಡೆ ನೋಡಿದ.

ಅಷ್ಟು ಹೊತ್ತೂ ಯಮನಮ್ಮ ನೆಲದ ಮೇಲೆ ಕೂತೇ ಇದ್ದಳು. ಬಲೆಯನ್ನು ನಿಧಾನವಾಗಿ ಮಡಚುತ್ತಿದ್ದಳು. ಮಡಚಿ ಆದ ಮೇಲೆ ಎದ್ದು ನಿಂತು, ಗಲ್ಲಕ್ಕೆ ಹತ್ತಿದ್ದ ಮಣ್ಣನ್ನು ಒರೆಸಿಕೊಳ್ಳದೆ ಕೇಳಿದಳು.

“ಹಂಗಾರ ಹೊಳಿ ಮುಚ್ಚಿಲ್ಲೇನ್ರಿ?”

“ಇಲ್ಲ ಅಂತ ಎಷ್ಟು ಸಲ ಹೇಳಬೇಕು.”

“ಲೈಸೆನ್ಸು ಚಾಲೂ ಅದ್ಯೇನ್ರಿ?”

“ಜೂನ್ ತನಕ ಅದ.”

“ಅದನ್ನ ಬರದು ಕೊಡ್ರಿ ಸಾಹೇಬ್ರ. ಸಿಕ್ಕಾ ಹೊಡದು ಕೊಡ್ರಿ. ಇನ್ನೊಮ್ಮಿ ನಿಮ್ಮ ಬಾಗಿಲಿಗಿ ಬರಂಗಿಲ್ಲ.”

ಪೀಡೆ ತೊಲಗುತ್ತದೆ ಎಂದು ಸಾಹೇಬರಿಗೆ ಖುಷಿಯೇ ಆಯಿತು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳಿ ಎನ್ನುತ್ತ ಒಳಗೆ ಹೋದರು. ಟೈಪು ಮಾಡುವ ವಿಜಯಲಕ್ಷ್ಮಿ ಮೇಡಮ್ಮಿಗೆ ಅವರು ಹೇಳುವುದು ಕಿಟಕಿಯಿಂದ ನಮಗೂ ಕೇಳಿಸುತ್ತಿತ್ತು. ಒಂದು ಕಡೆ ಮೇಡಂ ಕೈ ನಿಲ್ಲಿಸಿ, ಈ ಸಾಲು ಬೇಕಾ ಸರ್ ಎಂದು ಕೇಳಿದರು. ಹಾಕಿರಿ, ನಾಳೆ ಇವರು ಕೋರ್ಟಿಗೆ ಹೋಗಿ ಸಾಹೇಬ ಹೊಳೆ ಮುಚ್ಚಿದ್ದ ಅಂದರೆ ಹನ್ನೆರಡನೇ ರೂಲ್ಸಿನಲ್ಲಿ ನನ್ನ ಕುತ್ತಿಗೆಗೆ ಬರುತ್ತದೆ ಎಂದರು ಸಾಹೇಬರು. ಹೀಗೆ ಅರ್ಜಿಗೆ ಉತ್ತರವಾಗಿ ನಮ್ಮ ಕೈಗೆ ಬಂದ ಹಿಂಬರಹದಲ್ಲಿ ಇದ್ದದ್ದು ಇಷ್ಟು:

“ತಮ್ಮ ಪರವಾನಗಿಯು ಜೂನ್ ಅಂತ್ಯದವರೆಗೆ ಚಾಲ್ತಿಯಲ್ಲಿರುತ್ತದೆ. ದೊಡ್ಡ ಮಡು ಪಾತ್ರದಲ್ಲಿ ಮೀನುಗಾರಿಕೆಯನ್ನು ಈ ಕಚೇರಿಯಿಂದ ನಿಷೇಧಿಸಿರುವುದಿಲ್ಲ ಹಾಗೂ ಸದರಿ ಪಾತ್ರದಲ್ಲಿ ಯಾವುದೇ ಅಡ್ಡಿ ಇರುವುದಿಲ್ಲ. ತಾವು ಬಲೆ ಹಾಕಿರುವುದು ಛಾಯಾಚಿತ್ರದಿಂದ ದೃಢಪಟ್ಟಿದೆ. ಆದ ಕಾರಣ ಶುಲ್ಕ ಮರುಪಾವತಿಗೆ ಅವಕಾಶವಿರುವುದಿಲ್ಲ ಎಂದು ಈ ಮೂಲಕ ಹಿಂಬರಹ ನೀಡಲಾಗಿದೆ.”

ಕೆಳಗೆ ಶಂಭುಲಿಂಗಪ್ಪನವರ ಸಹಿ. ವಿಜಯಲಕ್ಷ್ಮಿ ಮೇಡಂ ಸಿಕ್ಕಾವನ್ನು ಎರಡು ಸಲ ಒತ್ತಿದರು. ಕಾಗದ ಕೊಡುವಾಗ ನನ್ನ ಮುಖ ನೋಡದೆ, ಝೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ ಎಂದು ಸಣ್ಣ ದನಿಯಲ್ಲಿ ಹೇಳಿದರು.

ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ದುಡ್ಡು ಹೋಯಿತು, ನೀರು ಹೋಯಿತು, ಎಲ್ಲದಕ್ಕೂ ನನ್ನ ಫೋಟೋ ಕಾರಣ ಎಂದೆ. ಬಸ್ಸು ಕಲ್ಮಲಾ ದಾಟಿದ ಮೇಲೆ ಯಮನಮ್ಮ ಕಾಗದವನ್ನು ಓದು ಎಂದಳು. ಓದಿದೆ. ಇನ್ನೊಮ್ಮೆ ಓದು ಎಂದಳು. ಮೂರನೇ ಸಲ ಓದುವಾಗ ‘ಅಡ್ಡಿ ಇರುವುದಿಲ್ಲ’ ಎಂಬಲ್ಲಿ ನನ್ನ ತೊಡೆಯ ಮೇಲೆ ಕೈ ಇಟ್ಟು ನಿಲ್ಲಿಸಿದಳು.

“ಇಂಥದ್ದು ಮೂವತ್ತೆರಡು ಬೇಕು ತಂಗಿ. ಒಂದಿದ್ರ ಹರದು ಒಗೀತಾರ.”

ಓಣಿಯವರಿಗೆ ಇದು ಹುಚ್ಚು ಎನ್ನಿಸಿತು. ಕೊಡುವುದಿಲ್ಲ ಎಂದು ಹೇಳಿಸಿಕೊಳ್ಳಲು ಬಸ್ ಚಾರ್ಜು ಹಾಕಿಕೊಂಡು ರಾಯಚೂರಿಗೆ ಹೋಗಬೇಕೇ ಎಂದು ಕೇಳಿದರು. ಸಿದ್ರಾಮನೂ ನನ್ನ ಮೇಲೆ ಹರಿಹಾಯ್ದ. ಯಮನಮ್ಮ ಹೆಚ್ಚು ವಿವರಿಸಲಿಲ್ಲ. “ಇಲ್ಲ ಅನ್ನಿಸಿಕೊಂಡೇ ಬರ್ರಿ. ಖರೆ, ಬರೀ ಬಾಯಿಲೆ ಅಲ್ಲ, ಸಿಕ್ಕಾ ಹೊಡಿಸಿಕೊಂಡು ಬರ್ರಿ” ಎಂದಳಷ್ಟೇ. ಹನುಮಂತ್ರಾಯ ಭಾವ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅದನ್ನು ನೋಡಿ ಒಬ್ಬೊಬ್ಬರೂ ತಮ್ಮ ಕಾರ್ಡು ತಂದು ನನ್ನ ಮುಂದೆ ಇಟ್ಟರು.

ಎರಡು ದಿನ ಕೂತು ಮೂವತ್ತೊಂದು ಅರ್ಜಿ ಬರೆದೆ. ಮಾಘದ ಆ ಎರಡು ವಾರ ನಮ್ಮವರು ನಾಲ್ಕು ನಾಲ್ಕು ಜನವಾಗಿ ರಾಯಚೂರಿಗೆ ಹೋದರು. ಹೊಸ್ತಿಲ ಹೊರಗೆ ನಿಂತರು. ಬೈಸಿಕೊಂಡರು. ಕಚೇರಿ ಎದುರಿನ ಬಡೇಬೀಯ ಅಂಗಡಿಯಲ್ಲಿ ಊದಿನಕಡ್ಡಿ ಮುಗಿದುಹೋಗಿ ಮಲ್ಲಯ್ಯ ಬಜಾರಕ್ಕೆ ಓಡಿದನಂತೆ. ಸಾಹೇಬರಿಗೆ ಇದೊಂದು ಆಟವಾಯಿತು. ಹೆಸರಿನ ಜಾಗ ಖಾಲಿ ಬಿಟ್ಟು ಒಂದೇ ನಮೂನೆ ಮಾಡಿಸಿಟ್ಟುಕೊಂಡು, ಓದದೆಯೇ ಸಹಿ ಗೀಚಿ, ತಗೊಳ್ಳಿ ನಿಮ್ಮ ರಿಫಂಡು ಎಂದು ಮುಖದ ಮೇಲೆ ಒಗೆದರು. ನಮ್ಮವರು ನೆಲದಿಂದ ಎತ್ತಿಕೊಂಡು, ಹಣೆಗೆ ಒತ್ತಿಕೊಂಡು ಬಂದರು. ಸಾಹೇಬರು ಇದನ್ನು ಭಕ್ತಿ ಎಂದು ತಿಳಿದರು.

ಮೂವತ್ತೆರಡೂ ಸೇರಿದ ಮೇಲೆ ಯಮನಮ್ಮ ಅವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಸುತ್ತಿ ಕಟ್ಟಿದಳು. ಎಲ್ಲದರ ಝೆರಾಕ್ಸು ನನ್ನ ಟ್ರಂಕಿನಲ್ಲಿ ಉಳಿಯಿತು. ಆಮೇಲೆ ಕಾದೆವು. ಮಡುವಿನಲ್ಲಿ ಸಾವುಕಾರರ ಮೀನು ಮಟಮಟ ಮಧ್ಯಾಹ್ನವೂ ಬಾಲ ಬಡಿಯುವಷ್ಟು ಬೆಳೆದಿದ್ದವು. ಯುಗಾದಿಯ ಮುಂಚಿನ ಸೋಮವಾರ ಅವನ್ನು ಎತ್ತುತ್ತಾರೆ, ಅದಕ್ಕೆ ಐಸಿನ ಲಾರಿ ಬರುತ್ತದೆ ಎಂದು ನಮಗೆ ಹೇಳಿದವಳು ಹೀರಾಬಿ. ರಾಯಚೂರಿನಲ್ಲಿ ಮೀನಿನ ಸಗಟು ವ್ಯಾಪಾರ ಅವಳದು. ನಮ್ಮ ಹೆಂಗಸರು ಎಷ್ಟೋ ವರ್ಷದಿಂದ ಅವಳಿಗೇ ಮೀನು ಹಾಕುತ್ತಿದ್ದರು.

ಸೋಮವಾರ ಬಿಸಿಲೇರಿದ ಮೇಲೆ ಸಾವುಕಾರರು ಗೊತ್ತು ಮಾಡಿದ್ದ ಹೀರಾಬಿಯ ಎರಡು ಐಸಿನ ಲಾರಿ ಹೊಳೆಯ ದಂಡೆಗೆ ಬಂದು ನಿಂತವು. ಸಾವುಕಾರರ ಕೂಲಿಯವರು ಇನ್ನೂ ಬಂದಿರಲಿಲ್ಲ. ಬಂಡೆಗಳ ಹಿಂದಿನಿಂದ ನಮ್ಮ ಹರಿಗೋಲುಗಳು ಒಂದೊಂದಾಗಿ ನೀರಿಗಿಳಿದವು. ಮೊದಲನೆಯದರಲ್ಲಿ ಯಮನಮ್ಮ. ನಮ್ಮಲ್ಲಿ ಹೆಂಗಸರು ಬಲೆ ಹೆಣೆಯುತ್ತಾರೆ, ಮೀನು ಮಾರುತ್ತಾರೆ, ಹರಿಗೋಲು ಹತ್ತಿ ಬಲೆ ಬೀಸುವುದಿಲ್ಲ. ಅವತ್ತು ಅವಳು ಹುಟ್ಟು ಹಾಕುವುದನ್ನು ನೋಡಿ ಇದನ್ನು ಯಾವಾಗ ಕಲಿತಳೋ ಎಂದು ಗಂಡಸರೇ ಬೆರಗಾದರು.

ಕಾವಲಿನ ಇಬ್ಬರು ಬಡಿಗೆ ಹಿಡಿದು ಓಡಿ ಬಂದರು. ತಾಯಿ ಅಕ್ಕ ತಂಗಿ ಯಾರನ್ನೂ ಬಿಡದೆ ಬೈದರು. ಮೂವತ್ತೆರಡು ಹರಿಗೋಲು ಎಣಿಸಿದ ಮೇಲೆ ಬೈಗುಳ ನಿಂತು ಫೋನು ಶುರುವಾಯಿತು. ಯಮನಮ್ಮ ಕೆಳಗಿನ ಬಾಯಿಯ ನೀಲಿ ಬಲೆಯ ಹತ್ತಿರ ಹೋಗಿ ಸೊಂಟದಿಂದ ಕುಡುಗೋಲು ತೆಗೆದಳು. ಅವರಲ್ಲೊಬ್ಬ, ಮುಟ್ಟಿದರೆ ಕೈ ಕಡಿಯುತ್ತೇನೆ ಎಂದು ಒದರಿದ.

“ಏನು ಮುಟ್ಟೀನೋ ಮಗನ? ಇಲ್ಲಿ ಏನೂ ಇಲ್ಲ. ಅಡ್ಡಿ ಏನೂ ಇಲ್ಲ ಅಂತ ಸಾಹೇಬ್ರು ಮೂವತ್ತೆರಡು ಸಲ ಬರದಾರ.”

ಒಂದೇ ಎಳೆತಕ್ಕೆ ಮೇಲಿನ ಹಗ್ಗ ಕಡಿದು ಬಲೆ ಕುಸಿಯಿತು. ಅದನ್ನು ಸುತ್ತಿ ಬಂಡೆಯ ಮೇಲೆ ಎಸೆದು, ಆ ಬಾಯಿಗೆ ನಮ್ಮದೇ ಎಳೆಬಲೆ ಹಿಡಿದು ನಿಂತರು. ಮಿಕ್ಕವರು ಮೇಲಿನಿಂದ ನೀರು ಬಡಿಯುತ್ತ ಇಳಿದರು. ಐದು ತಿಂಗಳ ಹೊಟ್ಟೆಯ ಉರಿಯೆಲ್ಲ ಆ ಹಗ್ಗ ಎಳೆಯುವ ಕೈಗಳಲ್ಲಿತ್ತು. ಕಾಟ್ಲಾ ಒಂದೊಂದೂ ಕೂಸಿನ ತೂಕ. ಹರಿಗೋಲುಗಳು ಅಂಚಿನವರೆಗೆ ತುಂಬಿ ದಂಡೆಗೆ ಬಂದು, ಸುರಿದು, ಮತ್ತೆ ಹೋದವು. ಒಂದು ಕೈಯಲ್ಲಿ ಏನೂ ಹಿಡಿಯಲಾರದ ಹನುಮಂತ್ರಾಯ ಭಾವ ಇನ್ನೊಂದು ಕೈಯಿಂದ ಮೀನು ಎತ್ತಿ ಬುಟ್ಟಿಗೆ ಹಾಕುತ್ತ ಯಾವುದೋ ಪದ ಗುನುಗುತ್ತಿದ್ದ.

ಕಾವಲಿನವರು ಹೀರಾಬಿಯ ಮೇಲೆ ಏರಿಹೋದರು. ಈ ಮೀನು ಸಾವುಕಾರರದು, ಲಾರಿಗೆ ಹಾಕಿದರೆ ನಿನಗೂ ಗತಿಯಿಲ್ಲ ಎಂದರು. ಹೀರಾಬಿ ಎಲೆಯಡಿಕೆ ಉಗುಳಿ ಒಂದು ಕಾಟ್ಲಾ ಎತ್ತಿ ತಿರುವಿ ನೋಡಿದಳು.

“ಸಾವುಕಾರಂದು ಹೆಸರು ಇದರ ಮ್ಯಾಲ ಎಲ್ಲಿ ಬರದದ ತೋರ್ಸು ಬೇಟಾ. ಐಸು ಕರಗಾಕತ್ತದ. ಯಾರು ತೂಕಕ್ಕ ಹಾಕ್ತಾರ, ಅವರದೇ ಮಾಲು.”

ದೇವದುರ್ಗದಿಂದ ಜೀಪಿನಲ್ಲಿ ಹವಾಲ್ದಾರ ಬಂದ. ಯಮನಮ್ಮ ದಂಡೆಗೆ ಬಂದು ಕವರು ಬಿಚ್ಚಿ ಒಂದು ಹಿಂಬರಹ ಕೊಟ್ಟಳು. ಅವನು ಗಟ್ಟಿಯಾಗಿ ಓದಿದ. ಇನ್ನೊಂದು ಕೊಟ್ಟಳು, ಓದಿದ. ಮೂರನೆಯದು ಕೊಡಲು ಹೋದಾಗ ಸಾಕು ಎಂದ. ಪರವಾನಗಿ ಇದೆ, ಸಹಿ ಇದೆ, ನಾನು ಯಾವ ಕಲಮು ಹಾಕಲಿ ಎಂದು ಕಾವಲಿನವರನ್ನೇ ಕೇಳಿ, ಅವರ ಕಡೆ ಟೆಂಡರಿನ ಕಾಗದ ಇದ್ದರೆ ಕೊಡಲು ಹೇಳಿದ. ಅವರ ಹತ್ತಿರ ಬಡಿಗೆ ಬಿಟ್ಟರೆ ಏನೂ ಇರಲಿಲ್ಲ. ಹವಾಲ್ದಾರ ಎರಡು ದೊಡ್ಡ ರೋಹು ಆರಿಸಿಕೊಂಡು ಜೀಪು ಹತ್ತಿದ.

ಮಧ್ಯಾಹ್ನದ ಹೊತ್ತಿಗೆ ಬಸವಲಿಂಗ ಸಾವುಕಾರರ ಬಿಳಿ ಕಾರು ಬಂತು. ಪಕ್ಕದಲ್ಲಿ ಶಂಭುಲಿಂಗಪ್ಪ ಸಾಹೇಬರು. ಅಷ್ಟರಲ್ಲಿ ಒಂದು ಲಾರಿ ತುಂಬಿ ಹೋಗಿಯಾಗಿತ್ತು, ಎರಡನೆಯದು ಅರ್ಧ ತುಂಬಿತ್ತು. ಸಾವುಕಾರರು ಖಾಲಿ ಮಡು ನೋಡಿದರು, ಬಂಡೆಯ ಮೇಲಿನ ನೀಲಿ ಬಲೆ ನೋಡಿದರು, ನಾನು ಮುಂದೆ ಹಿಡಿದ ಝೆರಾಕ್ಸು ಓದಿದರು. ಓದಿ ಮುಗಿಸಿ ಅದೇ ಕಾಗದದಿಂದ ಸಾಹೇಬರ ಗಲ್ಲಕ್ಕೆ ಬಾರಿಸಿದರು.

“ನಿಮ್ಮೌನ್, ಏನ್ ಬರದು ಕೊಟ್ಟಿಯಲೇ ಸೂಳಿಮಗನ? ನನ್ನ ಬೇಲಿ ನಿನ್ನ ಕಣ್ಣಿಗಿ ಕಾಣ್ಲಿಲ್ಲೇನು? ನನ್ನ ಕಡಿಂದ ತಿನ್ನುವಾಗ ಕಾಣ್ತಿತ್ತಲ್ಲ. ಹೋಗು, ಆಕಿ ಕಡೆ ಇರೋ ಒಂದೊಂದು ಕಾಗದಾನೂ ಕಸಗೊಂಡು ಬಾ. ಇಲ್ಲಾಂದ್ರ ನಿನ್ನ ನೌಕರಿ ಇವತ್ತೇ ಮುಗೀತು.”

ಇಡೀ ಓಣಿ ನೋಡುತ್ತಿತ್ತು. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ, ಇನ್ನೊಂದು ಹೊಡೆಯಲಿ ಎನ್ನಿಸಿತು.

ಸಾಹೇಬರ ಕರ್ಚೀಫು ಎಲ್ಲಿ ಬಿತ್ತೋ. ಮೀನಿನ ರಾಶಿಗಳ ನಡುವೆ ಕಾಲಿಡುತ್ತ ಯಮನಮ್ಮಳ ಹರಿಗೋಲಿನ ಹತ್ತಿರ ಬಂದರು. ಯವ್ವಾ ಎಂದರು. ತಪ್ಪಾಗಿದೆ, ಆ ಕಾಗದ ಕೊಡು, ಮೂವತ್ತೆರಡು ಮನೆಗೂ ಕಟ್ಟಿದ್ದೆಲ್ಲ ಒಂದೇ ವಾರದಲ್ಲಿ ಕೊಡಿಸುತ್ತೇನೆ ಎಂದರು. ಯಾವ ರೂಲ್ಸಿನಲ್ಲಿ ಎಂದು ನಾನು ಕೇಳಿದೆ. ಯಮನಮ್ಮ ನನ್ನನ್ನು ಸುಮ್ಮನಿರಿಸಿದಳು. ಕವರನ್ನು ಎದೆಯ ಹತ್ತಿರ ಸಿಕ್ಕಿಸಿಕೊಂಡು, ಬಹಳ ಮರ್ಯಾದೆಯಿಂದ ಮಾತಾಡಿದಳು.

“ಕೊಡ್ತೀನ್ರಿ. ಇಷ್ಟು ಮಂದ್ಯಾಗ ಬ್ಯಾಡ. ಹತ್ರಿ, ಆ ಕಡೆ ದಂಡಿಗಿ ಹೋಗಿ ಕೊಡ್ತೀನಿ.”

ಸಾಹೇಬರು ಹಿಂದೆ ತಿರುಗಿ ಸಾವುಕಾರರ ಮುಖ ನೋಡಿದರು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಹರಿಗೋಲು ಹತ್ತಿದರು. ಒಳಗೆ ಮೊಣಕಾಲಿನವರೆಗೆ ಮೀನು, ಅರ್ಧ ಇನ್ನೂ ಜೀವಂತ. ಕೂರಲು ಜಾಗವಿಲ್ಲದೆ ಅವುಗಳ ಮೇಲೆಯೇ ಕೂತರು. ಯಮನಮ್ಮ ಹುಟ್ಟು ಹಾಕಿದಳು. ಆಚೆ ದಂಡೆಯ ಕಡೆಗೆ ಸ್ವಲ್ಪ ದೂರ ಹೋದವಳು ಮಡುವಿನ ನಡುವೆ ಬಂದು, ನೀಲಿ ಬಲೆ ಕಡಿದ, ನಮ್ಮ ಎಳೆಬಲೆಯನ್ನೂ ಎತ್ತಿದ್ದ ಬಾಯಿಯ ಕಡೆಗೆ ತಿರುಗಿದಳು. ಅದರಾಚೆ ಹೊಳೆ ಯುಗಾದಿಯ ಹೊತ್ತಿಗೂ ಒಮ್ಮೆಲೇ ಇಳಿಜಾರಾಗಿ ಬಂಡೆಗಳ ನಡುವೆ ಬಿಳಿ ನೊರೆಯಾಗಿ ಓಡುತ್ತದೆ. ಈ ನಲವತ್ತು ವರ್ಷದಲ್ಲಿ ಅಲ್ಲಿಗೆ ಹೋದ ಹರಿಗೋಲು ಇಡಿಯಾಗಿ ಸಿಕ್ಕದ್ದಿಲ್ಲ. ಈಜು ಬಲ್ಲವರು ಪಾರಾಗಿದ್ದಾರೆ, ಯಮನಮ್ಮ ಈಜು ಬಲ್ಲವಳು.

ನೀರಿನ ಮೇಲೆ ಮಾತು ದೂರ ಬರುತ್ತದೆ. ಪೆನ್ನು ಇದೆಯೇ ಎಂದು ಅವಳು ಕೇಳಿದ್ದು ನಮಗೆ ದಂಡೆಗೇ ಕೇಳಿಸಿತು. ಕವರಿನಿಂದ ಒಂದು ಕಾಗದ ತೆಗೆದು, ಅದರ ಹಿಂದಿನ ಖಾಲಿ ಮಗ್ಗುಲು ಮೇಲೆ ಮಾಡಿ ಅವರ ತೊಡೆಯ ಮೇಲಿಟ್ಟಳು.

“ಬರೀರಿ. ಗುಡಿ ಗೋಡಿಗೆ ಚೀಟಿ ಹಚ್ಚಿಸಿದ್ದು ಯಾರು, ಹಚ್ಚಾಕ ರೊಕ್ಕ ಕೊಟ್ಟಿದ್ದು ಯಾರು, ನನ್ನ ಗಂಡನ ಕೈ ಒಡಿಸಿದ್ದು ಯಾರು. ಮೂರೂ ಬರೀರಿ, ಕೆಳಗ ಸಹಿ ಮಾಡ್ರಿ.”

ಸಾಹೇಬರು ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಬೂಟು ಕೈಯಿಂದ ಜಾರಿ ಮೀನಿನೊಳಗೆ ಬಿದ್ದಿತ್ತು. ದಂಡೆಗೆ ಹೋಗೋಣ, ಅಲ್ಲಿ ಎಲ್ಲ ಬರೆದು ಕೊಡುತ್ತೇನೆ, ನನಗೆ ಈಜು ಬರುವುದಿಲ್ಲ ಎಂದರು. ಯಮನಮ್ಮ ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಸೌದೆ ಎಸೆಯುವಂತೆ ದೂರ ನೀರಿಗೆ ಎಸೆದು, ಮೀನಿನ ಮೇಲೆ ಆರಾಮಾಗಿ ಕಾಲು ಚಾಚಿ ಕೂತಳು.

ಹರಿಗೋಲು ಸುತ್ತತೊಡಗಿತು. ಒಮ್ಮೆ ಸಾಹೇಬರ ಮುಖ ನಮ್ಮ ಕಡೆ, ಒಮ್ಮೆ ಅವರ ಬೆನ್ನು. ಬೆನ್ನಿನ ಬಿಳಿ ಅಂಗಿ ಮೀನಿನ ಲೋಳೆಯಿಂದ ಒದ್ದೆಯಾಗಿ ಅಂಟಿಕೊಂಡಿತ್ತು. ಸಾವುಕಾರರು ನಮ್ಮ ಹತ್ತಿರ ಓಡಿ ಬಂದು, ಯಾರಾದರೂ ಹೋಗಿರಪ್ಪಾ, ಆ ಮನುಷ್ಯ ಸಾಯುತ್ತಾನೆ ಎಂದರು. ಮೂವತ್ತೊಂದು ಹರಿಗೋಲು ದಂಡೆಯಲ್ಲಿ ಬೋರಲು ಬಿದ್ದಿದ್ದವು. ಒಬ್ಬರೂ ಎದ್ದೇಳಲಿಲ್ಲ. ನಮ್ಮ ಸಿದ್ರಾಮ ಮನಸ್ಸು ತಡೆಯದೆ ಅಣ್ಣನ ಕಡೆ ತಿರುಗಿದ.

ಹನುಮಂತ್ರಾಯ ಭಾವ ಹೊಳೆಯ ಕಡೆ ನೋಡುತ್ತಲೇ ಇದ್ದ.

“ಹೊತ್ತಾತು,” ಎಂದ. “ಸುನಂದಾ, ಬುತ್ತಿ ಬಿಚ್ಚವ್ವ.”

ನಾನು ಬುತ್ತಿ ಬಿಚ್ಚಿ, ಎಲ್ಲರ ಕೈಗೂ ರೊಟ್ಟಿ ಹಂಚತೊಡಗಿದೆ.